ಕಸೂತಿಗೆ ಹೊಸ ಚಿತ್ತಾರ ಎಲ್ಲಿಂದ ತರೋದು?

ದಾರದುಂಡೆ (ದಾವಣಗೆರೆ):
ನಾಲ್ಕು ವರ್ಷದಿಂದ ಮನೆಯಲ್ಲೇ ಬ್ಲೌಸ್ ಪೀಸು, ಕುರ್ತಾಗಳಿಗೆ ಕಸೂತಿ ಹಾಕಿಕೊಡ್ತಿದ್ದೀನಿ. ಮೊನ್ನೆ ಒಬ್ಬ ಗಿರಾಕಿ ಫೋಟೋ ನೋಡಿ, "ಇದೇ ಗೋಪುರ, ಇದೇ ನವಿಲು ಎಲ್ಲರ ಹತ್ರನೂ ಇದೆಯಲ್ರೀ" ಅಂದ್ರು. ಬೇಜಾರಾಯ್ತು, ಆದ್ರೆ ಮಾತು ನಿಜ. ನಾನೂ ಪಿಂಟರೆಸ್ಟ್ ನೋಡೇ ಹಾಕೋದು, ಉಳಿದವರೂ ಅದನ್ನೇ ನೋಡಿರ್ತಾರೆ. "ಸುತ್ತಮುತ್ತ ಕಣ್ಣು ಹಾಯಿಸು, ಡಿಸೈನ್ ಸಿಗುತ್ತೆ" ಅಂತಾರೆ. ಹಾಯಿಸಿದೆ. ನಮ್ಮ ಬೀದಿಯಲ್ಲಿ ಇರೋದು ಒಂದು ಟ್ರಾನ್ಸ್‌ಫಾರ್ಮರ್, ಒಂದು ಬೆಣ್ಣೆದೋಸೆ ಹೋಟೆಲ್, ಮೂರು ನಾಯಿ. ಇದರಲ್ಲಿ ಏನು ಹೊಲೀಲಿ?

ಖಾಲಿ ಕೊಡ:
ದೋಸೆ ಹೊಲಿಯಿರಿ. ಬೆಣ್ಣೆಗೆ ಹಳದಿ ದಾರ.

ಹಳೇ ಸೂಜಿ (ಧಾರವಾಡ):
ದೋಸಿ ಆಗೂದಿಲ್ಲಪಾ, ಅದು ದುಂಡಗ ಐತಿ. ಬಟ್ಟಿ ಎಳಿ ಎಣಿಸಿ ಹಾಕೂ ಕಸೂತಿಯೊಳಗ ಗೆರಿ ಅಡ್ಡ ಹೋಗ್ತದ, ಉದ್ದ ಹೋಗ್ತದ, ಓರೆ ಹೋಗ್ತದ. ಬಾಗೂದಿಲ್ಲ. ನಾನೂ ಒಮ್ಮೆ ಹಟಕ್ಕ ಬಿದ್ದು ಸೈಕಲ್ ಗಾಲಿ ಹಾಕಿದ್ದೆ. ಎಂಟು ಮೂಲಿದ್ದಾತು. ನಮ್ಮ ಮೊಮ್ಮಗ ನೋಡಿ "ಅಜ್ಜಿ, ಸ್ಟಾಪ್ ಬೋರ್ಡು ಛಂದ ಆಗೇತಿ" ಅಂದ.

ತಂಗಿ, ನೀ ಯಾವುದನ್ನ ಹಳೇದು ಅಂತ ಬ್ಯಾಸರ ಮಾಡ್ಕೊಂಡಿ ನೋಡು, ಅದು ಹಾಕಿದವರಿಗೆ ಅವರ ಓಣಿನ ಆಗಿತ್ತು. ತುಳಸಿಕಟ್ಟಿ ಹಿತ್ತಲದಾಗ, ತೊಟ್ಟಿಲ ಪಡಸಾಲಿಯಾಗ, ತೇರು ಗುಡಿ ಮುಂದ. ಇಳಕಲ್ ಸೀರಿ ಸೆರಗಿನ ಹೆಸರು ಕೇಳು: ಹಣಿಗಿ ಅಂತಾರ, ತೆನಿ ಅಂತಾರ. ತಲಿ ಬಾಚೂ ಹಣಿಗಿ, ಹೊಲದಾಗಿನ ಜ್ವಾಳದ ತೆನಿ. ಹೊಲಿಗಿ ಹೆಸರರ ಏನು, ಗಾವಂಟಿ, ಮೆಟ್ಟಲದಂಗ ಹೋಗೂ ಮುರಗಿ, ನೇಯ್ದಂಗ ಕಾಣೂ ನೇಗಿ, ಕತ್ತರಿ ಗುರುತಿನ ಮೆಂತೆ. ಮೆಂತೆ ಅಡಗಿಮನಿ ಡಬ್ಬಿಯಿಂದನ ಬಂದದ್ದು. ಅವರು ಚಂದ ಕಂಡದ್ದನ್ನೆಲ್ಲಾ ಹಾಕಲಿಲ್ಲ, ಎಳಿ ಎಣಿಸಾಕ ಬರೂದನ್ನ ಅಷ್ಟ ಆರಿಸಿದ್ರು. ನೀ "ಏನು ಚಂದ ಐತಿ" ಅಂತ ನೋಡಾಕತ್ತಿ, ಅದಕ್ಕ ಸಿಗವಲ್ದು.

ಹೋದ ನವೆಂಬರಿನಾಗ ಪಿಂಚಣಿಗೆ ಜೀವಂತ ಇದ್ದೀನಿ ಅಂತ ಕಾಗದ ಕೊಡಾಕ ಬ್ಯಾಂಕಿಗೆ ಹೋಗಿದ್ದೆ. ಒಂದೂವರಿ ತಾಸು ಕುಂದ್ರಿಸಿದ್ರು. ಎದುರಿಗೆ ಎಳಿಯೂ ಜಾಲರಿ ಗೇಟು. ಸಿಪಾಯಿ ಪೂರಾ ಎಳದು ಹಾಕಿದಾಗ ಅದರ ಕತ್ತರಿ ಗುರುತೆಲ್ಲಾ ಅಗಲ ಆಗ್ತಾವ, ಒಬ್ಬರು ಒಳಗ ಬರಾಕ ಸರಿಸಿದಾಗ ಉದ್ದಕ ನಿಲ್ತಾವ. ಅದ ಗೇಟು, ಅದ ಪಟ್ಟಿ. ಚೀಲದಾಗ ಮೊಮ್ಮಗನ ಲೆಕ್ಕದ ಚೌಕಳಿ ಪುಸ್ತಕ ಇತ್ತು, ಬರಕೊಂಡೆ. ಮುರಗಿಯೊಳಗ ಎರಡು ಮೆಟ್ಟಲ ಮ್ಯಾಲ, ಒಂದು ಆಚೆ ಹೋದ್ರ ಗೇಟು ಸರಿದಂಗ. ಒಂದು ಮ್ಯಾಲ, ಎರಡು ಆಚೆ ಹೋದ್ರ ಮುಚ್ಚಿದಂಗ. ತೋಳಿನ ಅಂಚಿಗೆ ಸರಿದ ಗೇಟು, ಬೆನ್ನಿಗೆ ಮುಚ್ಚಿದ ಗೇಟು ಹಾಕಿದೆ. ನೋಡಿದವರೆಲ್ಲಾ "ಹಳೇ ಕಾಲದ್ದೇನ್ರೀ?" ಅಂತ ಕೇಳ್ತಾರ. ನಾ ಹೂಂ ಅಂತೀನಿ.

ಬಿಟ್ಟುಬರದ ಬಗ್ (ಬೆಂಗಳೂರು):
ಕಸೂತಿ ನನಗೆ ಬರಲ್ಲ, ಅಮ್ಮ ಹಾಕ್ತಾರೆ. ಗಾವಂಟಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬೋದು. ಅದಕ್ಕೇ ಮುಂದೆ ಹಿಂದೆ ಒಂದೇ ಥರ ಕಾಣುತ್ತೆ, ಗಂಟೂ ಬೇಡ. ಅಂದ್ರೆ ಪ್ರತಿ ಗೆರೆ ಮೇಲೆ ಸೂಜಿ ಎರಡೇ ಸಲ ಓಡಾಡುತ್ತೆ. 1736ರಲ್ಲಿ ಆಯ್ಲರ್ ಅನ್ನೋ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಲೆಕ್ಕದಲ್ಲಿ, ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಮುಗಿಸೋಕೆ ಆಗಲ್ಲ ಅಂತ ತೋರಿಸಿದ. ಎರಡೆರಡು ಸಲ ದಾಟಬಹುದು ಅಂದಿದ್ರೆ ಕಷ್ಟವೇ ಇರಲಿಲ್ಲ. ಹಾಗಾಗಿ ಟ್ರಾನ್ಸ್‌ಫಾರ್ಮರ್ ಧಾರಾಳವಾಗಿ ಹೊಲೀಬಹುದು, ಚಿತ್ರ ನಡುವೆ ತುಂಡಾಗದಿದ್ರೆ ಸಾಕು. ಎಲ್ಲಿ ಶುರು ಮಾಡಿದ್ರೋ ಅಲ್ಲಿಗೇ ಬಂದು ಮುಗಿಸ್ತೀರಿ.

ಹಳೇ ಸೂಜಿ (ಧಾರವಾಡ):
ನಮ್ಮವ್ವ ಇದನ್ನ "ಹೋದ ದಾರಿಲೇ ಮನಿಗೆ ಬಾ" ಅಂತಿದ್ಲು. ಸೇತುವೆ ಗೀತುವೆ ಗೊತ್ತಿರಲಿಲ್ಲ.

ದಾರದುಂಡೆ (ದಾವಣಗೆರೆ):
ನಾಲ್ಕು ದಿನ ಆಯ್ತು, ಬಂದೆ. ಚೌಕಳಿ ಪುಸ್ತಕ ಹಿಡಿದು ಬೀದಿಯಲ್ಲಿ ನಿಂತೆ, ಹೋಟೆಲಿನವರು "ಜನಗಣತಿನಾ ಮೇಡಂ?" ಅಂತ ಕೇಳಿದ್ರು.

ಟ್ರಾನ್ಸ್‌ಫಾರ್ಮರ್ ಚೆನ್ನಾಗಿ ಕೂತಿತು. ಎರಡು ಕಂಬ, ಮೇಲೆ ಅಡ್ಡಪಟ್ಟಿ, ಸುತ್ತ ಬೇಲಿಯ ಜಾಲರಿ. ಪಿಂಗಾಣಿ ಗುಂಡುಗಳಿಗೆ ಒಂದೊಂದು ಮೆಂತೆ ಹಾಕಿದೆ. ದೂರದಿಂದ ನೋಡಿದ್ರೆ ಥೇಟ್ ಗೋಪುರ, ಅತ್ತೆ ಕೈ ಮುಗಿಯೋದೊಂದು ಬಾಕಿ! ಒಂದರಿಂದ ಇನ್ನೊಂದಕ್ಕೆ ತಂತಿ ಎಳೆದೆ, ಅಂಚು ಪೂರ್ತಿ ಒಂದೇ ಗೆರೆಯಲ್ಲಿ ಸಾಗಿತು, ಎಲ್ಲೂ ದಾರ ಕತ್ತರಿಸಲಿಲ್ಲ. ಕಡು ನೀಲಿ ಬಟ್ಟೆ, ಬಿಳಿ ದಾರ.

ತಂತಿ ಮೇಲೆ ಕಾಗೆ ಕೂರಿಸೋಣ ಅಂತ ಆಸೆ. ಮೂರು ಸಲ ಬಿಚ್ಚಿದೆ. ಪ್ರತಿ ಸಲವೂ ಬಾತುಕೋಳಿ ಆಗ್ತಿದೆ.

ಹಳೇ ಸೂಜಿ (ಧಾರವಾಡ):
ಕೊಕ್ಕು ಒಂದು ಚೌಕ ಮುಂದ ತಾ, ಬಾಲ ಓರೆ ಮಾಡಿ ಕೆಳಗ ಬಿಡು. ಬಾಲ ಮ್ಯಾಲ ಎತ್ತಿರ್ತಿ ನೀನು.