ರೇಸ್ ಹೊಸಬರ ಪ್ರಶ್ನೋತ್ತರ: ಫೇವರಿಟ್, ಆಡ್ಸ್, ತೂಕ

ಅಡ್ಮಿನ್: ನಮ್ಮ ಸರ್ ರೇಸ್‌ಕೋರ್ಸಲ್ಲಿ ಹ್ಯಾಂಡಿಕ್ಯಾಪರ್ ಆಗಿದ್ದವರು, ಯಾವ ಕುದುರೆ ಎಷ್ಟು ತೂಕ ಹೊರಬೇಕು ಅಂತ ಬರೆಯೋ ಕೆಲಸ. ಇವತ್ತು ಸಂಜೆ ಇರ್ತಾರೆ, ಏನಿದ್ರೂ ಕೇಳಿ. ಟಿಪ್ಸ್ ಮಾತ್ರ ಕೇಳ್ಬೇಡಿ.

ಹೊಸಬ: ನಮಸ್ತೆ ಸರ್. ಒಂದು ಕುದುರೆ ಮುಂದೆ 6/4 ಫೇವರಿಟ್ ಅಂತಿತ್ತು. 6/4 ಅಂದ್ರೇನು, ಫೇವರಿಟ್ ಅಂತ ಯಾರು ಡಿಸೈಡ್ ಮಾಡೋದು?

ಸರ್: ದುಡ್ಡು ಹಾಕೋ ಜನಾನೇ. ಯಾವುದರ ಮೇಲೆ ಜಾಸ್ತಿ ದುಡ್ಡು ಬೀಳುತ್ತೋ ಅದರ ಆಡ್ಸ್ (ಗೆದ್ರೆ ಸಿಗೋ ರೇಟು) ಇಳಿಯುತ್ತೆ, ಎಲ್ಲಕ್ಕಿಂತ ಕಮ್ಮಿ ಆಡ್ಸ್ ಇರೋದೇ ಫೇವರಿಟ್. 6/4 ಅಂದ್ರೆ 4 ಹಾಕಿ ಗೆದ್ರೆ ಲಾಭ 6, ನಿಮ್ಮ 4 ಸೇರಿ ಕೈಗೆ 10. ಈಗ 10ಕ್ಕೆ 4 ಅಂದ್ರೆ 40%, ಅದು ಗೆಲ್ಲೋ ಅವಕಾಶ ಅಷ್ಟು ಅಂತ ಆ ರೇಟು ಹೇಳ್ತಿದೆ. ಈವನ್ಸ್ (1/1) ಅಂದ್ರೆ 50%, 4/1 ಅಂದ್ರೆ 20%. 4/6 ಥರ ಬಂದ್ರೆ ಆಡ್ಸ್-ಆನ್, ಹಾಕಿದ್ದಕ್ಕಿಂತ ಲಾಭ ಕಮ್ಮಿ. ಒಂದು ರೇಸಿನ ಎಲ್ಲಾ ಕುದುರೆಗಳ ಪರ್ಸೆಂಟ್ ಕೂಡಿಸಿ ನೋಡಿ, 100 ದಾಟುತ್ತೆ, 115 ಬಂತು ಅನ್ಕೊಳ್ಳಿ. ಆ ಹೆಚ್ಚಿನ 15 ಬುಕ್ಕಿ ಹೊಟ್ಟೆಪಾಡು.

ಶನಿವಾರದ ಸವಾರ: ಸರ್ ನಾನು ಟೋಟ್ (ರೇಸ್‌ಕೋರ್ಸಿನದೇ ಬೆಟ್ಟಿಂಗ್ ಕೌಂಟರ್) ಅಲ್ಲಿ ಟಿಕೆಟ್ ತಗೊಂಡಾಗ 3 ಪಟ್ಟು ತೋರಿಸ್ತಿತ್ತು, ಗೆದ್ದಾಗ ಎರಡು ಪಟ್ಟೂ ಬರ್ಲಿಲ್ಲ. ಮೋಸ ಅಲ್ವಾ?

ಸರ್: ಅಲ್ಲ. ಟೋಟಲ್ಲಿ ಎಲ್ಲರ ದುಡ್ಡು ಒಂದೇ ರಾಶಿ, ಅದರಲ್ಲಿ ಕಮಿಷನ್ ಮುರ್ಕೊಂಡು ಉಳಿದಿದ್ದನ್ನ ಗೆದ್ದವರಿಗೆ ಹಂಚ್ತಾರೆ. ನಿಮ್ಮ ಹಿಂದೆ ಇನ್ನೂ ನೂರು ಜನ ಅದಕ್ಕೇ ಹಾಕಿದ್ರೆ ಪಾಲು ಸಣ್ಣದಾಗುತ್ತೆ. 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೋಸೆಫ್ ಓಲರ್ ಶುರು ಮಾಡಿದಾಗಿಂದ ಇದೇ ಕ್ರಮ. ಬುಕ್ಕಿ ಹತ್ರ ಆದ್ರೆ ಒಪ್ಕೊಂಡ ರೇಟು ಒಪ್ಕೊಂಡಂಗೆ.

ಗಾಳಿಗುದುರೆ: ಫೇವರಿಟ್ ಎಷ್ಟು ಸಲ ಗೆಲ್ಲುತ್ತೆ ಸರ್?

ಸರ್: ಹೆಚ್ಚುಕಮ್ಮಿ ಮೂರಕ್ಕೆ ಒಂದು.

ಬಾಲಂಗೋಚಿ: *ಬಂದಿದ್ದು ಹಾಗೇ ಹಾಕಿದೀನಿ* ಪ್ಯಾಡಕ್‌ನಲ್ಲಿ (ರೇಸಿಗೆ ಮುಂಚೆ ಕುದುರೆ ಅಡ್ಡಾಡಿಸೋ ಜಾಗ) ಲದ್ದಿ ಹಾಕಿದ ಕುದುರೆ ಹಗುರ ಆಗಿ ಗ್ಯಾರಂಟಿ ಗೆಲ್ಲುತ್ತೆ, 10 ಜನಕ್ಕೆ ಕಳಿಸಿ.

ಸರ್: ಲದ್ದಿ ಹಾಕೋದು ಕುದುರೆ ಕೆಲಸ. ಅದನ್ನ ಗ್ರೂಪಿಗೆ ತಂದು ಹಾಕೋದು ನಿಮ್ಮ ಕೆಲಸ ಅಲ್ಲ. ಪ್ಯಾಡಕ್‌ನಲ್ಲಿ ನೋಡ್ಲೇಬೇಕು ಅಂದ್ರೆ ಬೆವರು ನೋಡಿ. ಸೆಕೆಯ ದಿನ ಎಲ್ಲಾ ಬೆವರ್ತವೆ, ಅದೇನಿಲ್ಲ. ತಂಪಾಗಿರೋ ದಿನ ಒಂದು ಕುದುರೆಗೆ ಮಾತ್ರ ಲಗಾಮು ಉಜ್ಜೋ ಕಡೆ ಕತ್ತಿನ ಮೇಲೆ, ಹಿಂದಿನ ತೊಡೆ ಸಂದೀಲಿ ಬಿಳೀ ನೊರೆ ಕಟ್ಟಿ, ಹಿಡ್ಕೊಂಡ ಹುಡುಗನನ್ನ ಎಳೆದಾಡ್ತಿದ್ರೆ ಅದು ಓಡೋ ಮುಂಚೇನೇ ಅರ್ಧ ಶಕ್ತಿ ಕಳ್ಕೊಂಡಿದೆ.

ಕಡಲೆ ಚೀಲ: ಫಿಲ್ಲಿಗಳಿಗೆ (ಎಳೇ ಹೆಣ್ಣು ಕುದುರೆ) ತೂಕ ಯಾಕೆ ಕಮ್ಮಿ ಕೊಡೋದು ಸರ್?

ಹೊಸಬ: ಲೆಂಗ್ತ್, ನೆಕ್, ಮೇಡನ್?

ಸರ್: ಲೆಂಗ್ತ್ ಒಂದು ಕುದುರೆ ಉದ್ದ, ಸುಮಾರು 2.4 ಮೀಟರ್. ನೆಕ್ ಕತ್ತಿನಷ್ಟು, ಅದಕ್ಕಿಂತ ಕಮ್ಮಿ ಹೆಡ್, ಶಾರ್ಟ್ ಹೆಡ್, ನೋಸ್. ಮೇಡನ್ ಇನ್ನೂ ಒಂದೂ ಗೆಲ್ಲದ್ದು. ಫರ್ಲಾಂಗ್ 201 ಮೀಟರ್, ಅದನ್ನೂ ಕೇಳ್ತೀರಿ ಅಂತ ಹೇಳ್ಬಿಟ್ಟೆ.

ಮಳೆಬಿಲ್ಲು: ಸರ್ ನನಗೆ ರೇಸ್ ಗೊತ್ತಿಲ್ಲ, ತಮ್ಮನ ವಿಷಯ. ಅವನಿಗೆ ಒಂದು ಮೆಸೇಜ್ ಬಂದಿದೆ, ಪ್ರತೀ ರೇಸಲ್ಲಿ ಫೇವರಿಟ್‌ಗೆ ಹಾಕು, ಸೋತ್ರೆ ಮುಂದಿನದಕ್ಕೆ ಡಬಲ್, ಗೆದ್ದ ತಕ್ಷಣ ಎಲ್ಲಾ ವಾಪಸ್ ಬಂದು ಲಾಭಾನೂ ಇರುತ್ತೆ ಅಂತ. ಮೊದಮೊದಲು ಬಂತು ಕೂಡ. ಈಗ ನನ್ನ ಹತ್ರ ಸಾಲ ಕೇಳ್ತಿದಾನೆ, "ಅಕ್ಕ ಒಂದೇ ಗೆಲುವು ಸಾಕು" ಅಂತಾನೆ. ಕೊಡ್ಲಾ?

ಸರ್: ಕೊಡ್ಬೇಡಮ್ಮ. ಉಳಿದೋರು ಸ್ವಲ್ಪ ಸುಮ್ನಿರಿ, ಇದನ್ನ ಬಿಡಿಸಿ ಹೇಳ್ತೀನಿ. 100ರಿಂದ ಶುರು ಮಾಡ್ದ ಅನ್ಕೊಳ್ಳಿ. ಸೋತ, 200. ಸೋತ, 400. ಆಮೇಲೆ 800, 1600, 3200. ಆರು ಸಲ ಸೋತ್ರೆ ಹೋಗಿದ್ದು 6300, ಏಳನೇದಕ್ಕೆ 6400 ಬೇಕು, ಸಾಲ ಕೇಳೋದು ಅಲ್ಲೇ. ಆರು ಸಲ ಸತತ ಎಲ್ಲಿ ಸೋಲುತ್ತೆ ಅಂತ ಅವನು ಹೇಳ್ತಾನೆ. ಫೇವರಿಟ್ ಮೂರಕ್ಕೆ ಎರಡು ಸಲ ಸೋಲುತ್ತಲ್ಲ, ಮೂರನೇ ಎರಡನ್ನ ಆರು ಸಲ ಗುಣಿಸಿದ್ರೆ ಸುಮಾರು 9%, ಹನ್ನೊಂದು ಸಲ ಶುರು ಮಾಡಿದ್ರೆ ಸರಾಸರಿ ಒಂದ್ಸಲ ಇದು ಆಗುತ್ತೆ ಅನ್ನೋ ಲೆಕ್ಕ. ಮೊದಮೊದಲು ಲಾಭ ಬಂತು ಅಂದ್ರಲ್ಲ, ಬರ್ಲೇಬೇಕು, ಆ ಮೆಸೇಜ್ ಹರಡೋದೇ ಅದಕ್ಕೆ. ಇನ್ನೂ ಕೆಟ್ಟದ್ದು ಕೇಳಿ. ಏಳನೇ ರೇಸಲ್ಲಿ ಫೇವರಿಟ್ ಗೆದ್ದೇಬಿಡ್ತು, ಆದ್ರೆ 4/6 ಆಡ್ಸ್. 6400ಕ್ಕೆ ಲಾಭ ಬರೋದು 4267. ಗೆದ್ದೂ ಇನ್ನೂ 2000ಕ್ಕೂ ಮೇಲೆ ನಷ್ಟದಲ್ಲೇ ಇರ್ತಾನೆ! ಎಂಥಾ ಕುದುರೆನೂ ಗ್ಯಾರಂಟಿ ಅಲ್ಲ, ಮ್ಯಾನ್ ಓ ವಾರ್ 21 ಸಲ ಓಡಿ ಒಂದೇ ಸಲ ಸೋತಿದ್ದು, 1919ರಲ್ಲಿ, ಅವತ್ತೂ ಅದೇ ಫೇವರಿಟ್. ತಮ್ಮನ್ನ ಬೈಬೇಡಿ, ಬೈದ್ರೆ ಬಚ್ಚಿಟ್ಟು ಆಡ್ತಾನೆ. ಪಕ್ಕದಲ್ಲಿ ಕೂರಿಸ್ಕೊಂಡು ಹಾಕಿದ್ದೆಷ್ಟು ಬಂದಿದ್ದೆಷ್ಟು ಅವನ ಕೈಲೇ ಬರೆಸಿ. ಬೇರೆ ಕಡೆ ಎಲ್ಲಿ ಸಾಲ ಮಾಡಿದಾನೆ ಅಂತಾನೂ ಕೇಳಿ, ಅವನು ಮೊದಲು ನಿಮ್ಮ ಹತ್ರಾನೇ ಬಂದಿರೋದಿಲ್ಲ.

ಗಾಳಿಗುದುರೆ: ಸರ್ ಇವತ್ತಿನ ಫೇವರಿಟ್ ಹೇಗಿದೆ?

ಸರ್: ಅಡ್ಮಿನ್ ಬರೆದಿದ್ದು ಓದಿ.

ಜಾಕಿ ಅಭಿಮಾನಿ: ಈ ತೂಕ ಎಲ್ಲಾ ಬೂಟಾಟಿಕೆ, 500 ಕೆಜಿ ಪ್ರಾಣಿಗೆ ಒಂದು ಕೆಜಿ ಯಾವ ಲೆಕ್ಕ, ಜಾಕಿ ಚೆನ್ನಾಗಿದ್ರೆ ಸಾಕು.

ಲೆಕ್ಕದ ಮೇಷ್ಟ್ರು: ಒಂದು ಮೈಲಿಗೆ ಮುಕ್ಕಾಲು ಕೆಜಿ ಸುಮಾರು ಒಂದು ಲೆಂಗ್ತ್ ಅಂತ ಹಿಡೀತಾರೆ, ತಿಳ್ಕೊಂಡು ಮಾತಾಡಿ. ಜಾಕಿ ಏನು ಕುದುರೆ ಹೊತ್ಕೊಂಡು ಓಡ್ತಾನಾ? 1973ರ ಬೆಲ್ಮಾಂಟ್ ಸ್ಟೇಕ್ಸಲ್ಲಿ ಸೆಕ್ರೆಟೇರಿಯಟ್ 31 ಲೆಂಗ್ತಲ್ಲಿ ಗೆದ್ದಾಗ ಮೇಲೆ ನೀವೇ ಕೂತಿದ್ರೂ ಗೆಲ್ತಿತ್ತು.

ಜಾಕಿ ಅಭಿಮಾನಿ: ನೀವು ಕೂತಿದ್ರೆ ಕುದುರೆ ಏಳ್ತಾನೇ ಇರ್ಲಿಲ್ಲ ಮೇಷ್ಟ್ರೇ. 1967ರ ಗ್ರ್ಯಾಂಡ್ ನ್ಯಾಷನಲ್ (ಬೇಲಿ ಹಾರೋ ರೇಸ್) ನೋಡಿ, ಮುಂದಿದ್ದವೆಲ್ಲ ಬೇಲಿ ಹತ್ರ ಗುಡ್ಡೆ ಬಿದ್ದಾಗ 100/1 ಫಾಯ್ನವನ್‌ನ ಸಂದೀಲಿ ದಾಟಿಸ್ಕೊಂಡು ಹೋಗಿದ್ದು ಜಾಕಿ.

ಲೆಕ್ಕದ ಮೇಷ್ಟ್ರು: ಅಷ್ಟು ಹಿಂದೆ ಇದ್ದಿದ್ದಕ್ಕೆ ಬಚಾವಾಯ್ತು ರೀ ಅದು! ಅದೂ ಒಂದು ಉದಾಹರಣೆನಾ?

ಬಾಲಂಗೋಚಿ: ಇಬ್ರೂ ಪ್ರೈವೇಟಾಗಿ ಕಿತ್ತಾಡಿ.

ಲೆಕ್ಕದ ಮೇಷ್ಟ್ರು: ಲದ್ದಿ ಶಾಸ್ತ್ರದವರು ಬುದ್ಧಿ ಹೇಳ್ತಿದಾರೆ.

ಕಡಲೆ ಚೀಲ: ಸರ್ ಫಿಲ್ಲಿ ತೂಕ?

ಶನಿವಾರದ ಸವಾರ: ಡೆಡ್ ಹೀಟ್ ಆದ್ರೆ, ಅಂದ್ರೆ ಎರಡು ಕುದುರೆ ಒಟ್ಟಿಗೇ ಗುರಿ ಮುಟ್ಟಿದ್ರೆ ದುಡ್ಡು?

ಸರ್: ಬುಕ್ಕಿ ಹತ್ರ ಆದ್ರೆ ಅರ್ಧ ದುಡ್ಡಿಗೆ ಪೂರ್ತಿ ಆಡ್ಸ್, ಉಳಿದರ್ಧ ಹೋಯ್ತು.

ಗಾಳಿಗುದುರೆ: ಕೊನೇ ರೇಸಿನದಾದ್ರೂ ಹೇಳಿ ಸರ್ ಪ್ಲೀಸ್.

ಸರ್: ಅಡ್ಮಿನ್, ಇವರನ್ನ ತೆಗೀತೀರೋ ನಾನೇ ಹೋಗ್ಲೋ?

ಮಳೆಬಿಲ್ಲು: ಸರ್ ತಮ್ಮಂಗೆ ನಿಮ್ಮ ಉತ್ತರ ತೋರಿಸ್ದೆ. ಹಂಗಾದ್ರೆ ಸೆಕೆಂಡ್ ಫೇವರಿಟ್‌ಗೆ ಡಬಲ್ ಮಾಡ್ತೀನಿ, ಆಡ್ಸ್ ಜಾಸ್ತಿ ಇರುತ್ತೆ ಅಂತಿದಾನೆ.

ಸರ್: ಅದು ಇನ್ನೂ ಕಮ್ಮಿ ಸಲ ಗೆಲ್ಲುತ್ತೆ, ಸೋಲಿನ ಸಾಲು ಇನ್ನೂ ಉದ್ದ. ಅವನ ನಂಬರ್ ನನಗೆ ಇನ್‌ಬಾಕ್ಸ್ ಮಾಡಮ್ಮ, ಇಲ್ಲಿ ಬೇಡ. ನಾನೇ ಫೋನ್ ಮಾಡ್ತೀನಿ.