ಅವಮಾನದ ಎದುರು ಸುಮ್ಮನಿರುವುದೇ ದೀನತೆಯೇ?

ಪ್ರಶ್ನೆ (ಕಾರವಾರದಿಂದ)

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಮ್ಮ ಮೇಲಧಿಕಾರಿಯವರು ಗ್ರಾಹಕರ ಎದುರಿನಲ್ಲೇ ನನ್ನನ್ನು ಏಕವಚನದಲ್ಲಿ ಗದರುತ್ತಾರೆ; ತಮ್ಮದೇ ತಪ್ಪು ಲೆಕ್ಕವನ್ನು ನನ್ನ ತಲೆಗೆ ಕಟ್ಟುತ್ತಾರೆ. ನಾನು ಉತ್ತರ ಕೊಡದಿದ್ದಾಗ, "ನಿಮ್ಮ ಇಗರ್ಜಿಯಲ್ಲಿ ಕಲಿಸುವುದು ಇದನ್ನೇ ಅಲ್ಲವೇ" ಎಂದು ನಗುತ್ತಾರೆ. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ಒಡ್ಡಬೇಕೆಂಬ ಯೇಸುಸ್ವಾಮಿಯ ಮಾತನ್ನು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಆದರೆ ನನ್ನ ಮೌನ ದೀನತೆಯೋ, ಕೆಲಸ ಹೋದೀತೆಂಬ ಹೆದರಿಕೆಯೋ ನನಗೇ ತಿಳಿಯುತ್ತಿಲ್ಲ. ರಾತ್ರಿ ಜಪಸರ ಹಿಡಿದು ಕುಳಿತರೂ, ಅವರಿಗೆ ಆಡಬಹುದಾಗಿದ್ದ ಬಿರುನುಡಿಗಳೇ ತಲೆಯಲ್ಲಿ ಸುತ್ತುತ್ತವೆ.

ಉತ್ತರ 1 (ಹೊನ್ನಾವರದಿಂದ)

ಸಹೋದರಿಯವರೇ, ಮತ್ತಾಯನ ಶುಭಸಂದೇಶದ ಆ ವಚನ (5:39) ಬಲಗೆನ್ನೆ ಎಂದೇ ಹೇಳುತ್ತದೆ. ಬಲಗೈಯಿಂದ ಎದುರಿಗಿರುವವರ ಬಲಗೆನ್ನೆಗೆ ಹೊಡೆಯಬೇಕಾದರೆ ಕೈಯ ಹಿಂಬದಿಯಿಂದ ಹೊಡೆಯಬೇಕಾಗುತ್ತದೆ. ಅದು ನೋಯಿಸುವುದಕ್ಕಿಂತ ಹೆಚ್ಚಾಗಿ ಹೀನಾಯಗೊಳಿಸುವ ಪೆಟ್ಟು ಎಂದು ಅನೇಕ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಅಂದರೆ ನೀವು ಅನುಭವಿಸುತ್ತಿರುವಂಥ ಅವಮಾನವೇ ಅಲ್ಲಿನ ವಿಷಯ. ಇನ್ನು, ಯೇಸುಸ್ವಾಮಿ ಅನ್ನ ಎಂಬ ಯೆಹೂದ್ಯ ಯಾಜಕನ ಮುಂದೆ ವಿಚಾರಣೆಗೆ ನಿಂತಿದ್ದಾಗ ಕಾವಲಿನವನೊಬ್ಬನು ಅವರ ಕೆನ್ನೆಗೆ ಹೊಡೆದ ಸಂದರ್ಭವನ್ನು ನೋಡಿ. ಅವರು ಕೈ ಎತ್ತಲಿಲ್ಲ, ಶಪಿಸಲಿಲ್ಲ. ಆದರೆ ತಾನು ಆಡಿದ್ದು ತಪ್ಪಾಗಿದ್ದರೆ ತಪ್ಪೇನೆಂದು ತೋರಿಸು, ಸರಿಯಾಗಿದ್ದರೆ ಹೊಡೆಯುವುದೇಕೆ ಎಂದು ಅವನನ್ನೇ ಕೇಳಿದರು (ಯೊವಾನ್ನ 18:23). ನಿಮ್ಮದಲ್ಲದ ತಪ್ಪನ್ನು ನಿಮ್ಮದೆಂದು ಒಪ್ಪಿಕೊಂಡರೆ ಸುಳ್ಳಿಗೆ ಸಾಕ್ಷಿ ಹಾಕಿದಂತಾಗುತ್ತದೆ. ದೀನತೆ ಅದನ್ನು ಕೇಳುವುದಿಲ್ಲ.

ಉತ್ತರ 2 (ಅಂಕೋಲಾದಿಂದ)

ಮೇಲಿನವರ ಮಾತು ನಿಜ, ಆದರೆ ಗ್ರಾಹಕರ ಎದುರಿನಲ್ಲೇ ಆ ಪ್ರಶ್ನೆ ಕೇಳಿದರೆ ಅದು ಜಗಳವಾಗುವ ಸಂಭವವೇ ಹೆಚ್ಚು. ಅವರೊಬ್ಬರೇ ಇರುವಾಗ, ಲೆಕ್ಕದ ಪುಸ್ತಕವನ್ನು ಮುಂದಿಟ್ಟು ಮಾತಾಡಿ. ಅವರು ಏಕವಚನದಲ್ಲಿ ಮಾತಾಡಿದರೂ ನೀವು ಬಹುವಚನವನ್ನು ಬಿಡಬೇಡಿ. ಇದರಲ್ಲಿ ಅಳುಕಬೇಕಾದದ್ದು ಏನೂ ಇಲ್ಲ ಎಂಬುದಕ್ಕೆ ಯೇಸುಸ್ವಾಮಿಯ ಪ್ರೇಷಿತರಾದ ಸಂತ ಪೌಲರೇ ನಿದರ್ಶನ. ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಅವರನ್ನು ಬಹಿರಂಗವಾಗಿ ಹೊಡೆಸಿ ಸೆರೆಗೆ ಹಾಕಿದರು. ಆ ರಾತ್ರಿ ಅವರು ದೇವರನ್ನು ಹಾಡಿ ಹೊಗಳಿದರು. ಭೂಕಂಪದಿಂದ ಬಾಗಿಲುಗಳು ತೆರೆದಾಗ, ಕೈದಿಗಳು ಓಡಿಹೋದರೆಂದು ತಿಳಿದು ಪ್ರಾಣ ಕಳೆದುಕೊಳ್ಳಲು ಹೊರಟ ಸೆರೆಮನೆಯ ಅಧಿಕಾರಿಯನ್ನು ಕೂಗಿ ತಡೆದರು. ಅದೇ ಪೌಲರು ಬೆಳಗಾದ ಮೇಲೆ, ಗುಟ್ಟಾಗಿ ಬಿಟ್ಟು ಕಳುಹಿಸಲು ನೋಡಿದ ನ್ಯಾಯಾಧಿಪತಿಗಳಿಗೆ, ಅವರೇ ಬಂದು ತಮ್ಮನ್ನು ಹೊರಗೆ ಕರೆದೊಯ್ಯಬೇಕೆಂದು ಹೇಳಿ ಕಳುಹಿಸಿದರು (ಪ್ರೇಷಿತರ ಕಾರ್ಯಗಳು 16). ಕರುಣೆಯೂ ಸ್ವಾಭಿಮಾನವೂ ಒಬ್ಬರಲ್ಲೇ ಕೂಡಿರಬಲ್ಲವು.

ಉತ್ತರ 3 (ಶಿರಸಿಯಿಂದ)

ತಂಗೀ, ನಿನ್ನ ತಲೆಯಲ್ಲಿ ಸುತ್ತುವ ಆ ಮಾತುಗಳ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದೇ ಮುಖ್ಯವೆನಿಸುತ್ತದೆ. ಯೇಸುಸ್ವಾಮಿ ಬೈಗುಳಕ್ಕೆ ಬೈಗುಳ ಕೊಡದೆ, ನ್ಯಾಯವಾಗಿ ತೀರ್ಪು ಕೊಡುವ ದೇವರಿಗೆ ತಮ್ಮನ್ನು ಒಪ್ಪಿಸಿಕೊಂಡರೆಂದು ಪೇತ್ರನ ಮೊದಲ ಪತ್ರ (2:23) ಹೇಳುತ್ತದೆ. ಜಪದ ನಡುವೆ ಆ ಮಾತುಗಳು ಬಂದರೆ ಬರಲಿ. ಅವನ್ನು ಇದ್ದ ಹಾಗೆಯೇ ದೇವರಿಗೆ ಹೇಳು, ಆಮೇಲೆ ಆ ಅಧಿಕಾರಿಯ ಹೆಸರು ಹಿಡಿದು ಅವರ ಒಳಿತನ್ನು ಬೇಡು. ಬಾಯಿಗೆ ಕಹಿಯಾಗುತ್ತದೆ, ನಿಜ. ಆದರೂ ಬೇಡು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಋಣಿ. ಸೋಮವಾರ ಕಚೇರಿ ಮುಚ್ಚುವ ಹೊತ್ತಿಗೆ ಲೆಕ್ಕದ ಪುಸ್ತಕ ಹಿಡಿದು ಅವರ ಕೋಣೆಗೆ ಹೋಗುತ್ತೇನೆ. ಲೆಕ್ಕದ ವಿಷಯವನ್ನೂ, ಗ್ರಾಹಕರ ಮುಂದೆ ಗದರುವ ವಿಷಯವನ್ನೂ ನೇರವಾಗಿ ಹೇಳುತ್ತೇನೆ. ಇಗರ್ಜಿಯ ಬಗ್ಗೆ ಅವರು ಆಡಿದ ಮಾತನ್ನು ಮಾತ್ರ ನಾನಾಗಿ ಎತ್ತುವುದಿಲ್ಲ.