ಕೆನಾಲ್ ದಂಡೆ ದಾರಿಯಲ್ಲೇ ಟಿಟ್ಟಿಭ ಹಕ್ಕಿ ಮೊಟ್ಟೆ ಇಟ್ಟಿದೆ, ಜೆಸಿಬಿ ಬರುತ್ತದಂತೆ. ಏನು ಮಾಡಲಿ?

ದಂಡೆ ನಡಿಗೆ (ಶಹಾಪುರ), ಮೇ 4

ಎಲ್ಲರಿಗೂ ನಮಸ್ಕಾರ. ನಾನು ಶಹಾಪುರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಶುಗರ್ ಬಂದ ಮೇಲೆ ದಿನಾ ಬೆಳಿಗ್ಗೆ ಕೆನಾಲ್ ದಂಡೆ ಮೇಲೆ ನಡೆಯೋದು ರೂಢಿ. ನಾರಾಯಣಪುರದ ಎಡದಂಡೆ ಕಾಲುವೆಯ ಶಾಖೆ ಇದು. ಈಗ ನೀರು ಬಂದ್ ಆಗಿದೆ. ತಳದಲ್ಲಿ ಅಲ್ಲಲ್ಲಿ ಒಂದಿಷ್ಟು ನಿಂತಿದೆ, ಅದಕ್ಕೇ ಕೊಕ್ಕರೆ, ಮಿಂಚುಳ್ಳಿ ಎಲ್ಲಾ ಅಲ್ಲಿಗೇ ಬರುತ್ತವೆ.

ಏಪ್ರಿಲ್ 19ಕ್ಕೆ ದಾರಿಯ ಅಂಚಿನ ಗರಸಿನಲ್ಲಿ ಎರಡು ಮೊಟ್ಟೆ ಕಂಡವು. 23ಕ್ಕೆ ನಾಲ್ಕಾದವು. ಗೂಡು ಅಂತ ಏನೂ ಇಲ್ಲ. ಒಂದು ಸಣ್ಣ ತಗ್ಗು, ಸುತ್ತ ಹರಳು, ಆಡಿನ ಹಿಕ್ಕೆ. ಮಣ್ಣಿನ ಬಣ್ಣದ ಮೊಟ್ಟೆ, ಮೇಲೆ ಕಪ್ಪು ಮಚ್ಚೆ. ನಾಲ್ಕರ ಚೂಪು ತುದಿಯೂ ಒಳಗಡೆಗೆ. ನೋಡುತ್ತಾ ನಿಂತರೂ ಕಣ್ಣು ತಪ್ಪಿಸುತ್ತವೆ.

ಮುಂದಿನ ವಾರ ಹೂಳು ತೆಗೆಯಲು ಜೆಸಿಬಿ ಬರುತ್ತದೆ ಅಂತ ಕೇಳಿದೆ. ಮೊಟ್ಟೆಗಳನ್ನು ಮೆಲ್ಲಗೆ ಎತ್ತಿ ಹತ್ತಡಿ ಆಚೆ ಇಡಬಹುದಾ? ಬಿಸಿಲೂ 42 ಡಿಗ್ರಿ ದಾಟುತ್ತಿದೆ, ನೆರಳಿಗೆ ಏನಾದರೂ ಕಟ್ಟಲಾ? ಕೇಳಲು ಕಾರಣ ಇದೆ. ಹೋದ ವರ್ಷ ಇಂಥದ್ದೇ ಒಂದಕ್ಕೆ ಬಿಸಿಲು ತಾಗದಿರಲಿ ಅಂತ ಬಿದಿರಿನ ಬುಟ್ಟಿ ಓರೆಯಾಗಿ ಇಟ್ಟು ಬಂದಿದ್ದೆ. ಸಂಜೆ ಹೋದರೆ ತಾಯಿ ದೂರ ನಿಂತು ಕೂಗುತ್ತಿತ್ತು. ಬುಟ್ಟಿ ತೆಗೆದೆ. ಮರುದಿನವೂ ಅದು ಬಂದು ಕೂರಲಿಲ್ಲ. ಆ ಕೂಗು ಇನ್ನೂ ಕಿವಿಯಲ್ಲಿದೆ.

ಇನ್ನೊಂದು. ಇದು ಆಗಾಗ ಕೆಳಗಿಳಿದು ನೀರಲ್ಲಿ ಕೂತು, ಒದ್ದೆ ಮೈಯಲ್ಲೇ ಬಂದು ಮೊಟ್ಟೆ ಮೇಲೆ ಕೂರುತ್ತದೆ. ಮೊಟ್ಟೆ ಕೆಡೋದಿಲ್ವಾ?

ಭೀಮಾತೀರ (ಯಾದಗಿರಿ), ಮೇ 4

ಅಕ್ಕಾ, ದಯವಿಟ್ಟು ಎತ್ತಬೇಡಿ. ತಾಯಿ ಆ ಜಾಗವನ್ನು ನೆನಪಿಟ್ಟುಕೊಂಡಿರುತ್ತದೆ. ಹತ್ತಡಿ ಸರಿಸಿದರೆ ಮತ್ತೆ ಬಂದು ಕೂರುತ್ತದೆ ಅಂತ ಹೇಳೋಕಾಗಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆ ತೆಗೆಯೋದು, ಗೂಡು ಕೆದಕೋದು ಬೇಟೆಯ ಲೆಕ್ಕಕ್ಕೇ ಬರುತ್ತದೆ.

ಬಿಸಿಲಿನ ಚಿಂತೆ ಅದಕ್ಕೇ ಬಿಡಿ. ನೀವು ನೋಡಿದ್ದು ಅದರದ್ದೇ ಉಪಾಯ. ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತದೆ. ನಡುಹಗಲು ಕಾವು ಕೊಡೋದಕ್ಕಿಂತ ನೆರಳು ಕೊಡೋದೇ ಅದರ ಕೆಲಸ. ಗಂಡು ಹೆಣ್ಣು ಎರಡೂ ಸರದಿ ಮೇಲೆ ಕೂರುತ್ತವೆ. ನೀವು ಹತ್ತಿರ ನಿಂತಷ್ಟು ಹೊತ್ತೂ ಅದು ಎದ್ದು ಕೂಗುತ್ತಿರುತ್ತದೆ, ಮೊಟ್ಟೆ ಬಿಸಿಲಿಗೆ ಬೀಳುತ್ತವೆ. ನಿಮ್ಮನ್ನು ನೋಡಿ ಕಾಗೆ, ನಾಯಿಗೂ ಜಾಗ ಗೊತ್ತಾಗುತ್ತದೆ. ನಿಲ್ಲದೆ ನಡೆದುಬಿಡಿ, ಅಷ್ಟೇ.

ಮರಿಯಾಗಲು 28ರಿಂದ 30 ದಿನ ಬೇಕು. 23ಕ್ಕೆ ನಾಲ್ಕಾಗಿದ್ದರೆ ಮೇ 21ರ ಆಸುಪಾಸು.

ಸಗರನಾಡು ರೈತ (ಸುರಪುರ), ಮೇ 5

ನಮ್ಮ ಹೊಲದಲ್ಲೂ ಇಡುತ್ತವೆ. ಕುಂಟೆ ಹೊಡೆಯುವಾಗ ಆ ಜಾಗ ಬಿಟ್ಟು ಸುತ್ತು ಹಾಕುತ್ತೇವೆ, ನಮ್ಮಪ್ಪನ ಕಾಲದಿಂದಲೂ ಹಾಗೇ. ಒಮ್ಮೆ ಎಮ್ಮೆ ನೇರ ಗೂಡಿನ ಕಡೆಗೇ ಹೊರಟಿತ್ತು. ಮನುಷ್ಯರು ಬಂದರೆ ಎದ್ದು ಓಡುವ ಹಕ್ಕಿ, ಎಮ್ಮೆಗೆ ಎದ್ದೇಳಲೇ ಇಲ್ಲ. ರೆಕ್ಕೆ ಅಗಲಿಸಿ ಅದರ ಮೂತಿಗೇ ಎದುರು ನಿಂತಿತು. ಎಮ್ಮೆಯೇ ದಾರಿ ಬಿಟ್ಟಿತು. ಅವತ್ತಿಂದ ಈ ಹಕ್ಕಿ ಅಂದ್ರೆ ನನಗೆ ಬೇರೆಯೇ ಗೌರವ.

ಆದರೆ ಜೆಸಿಬಿಗೆ ಎಮ್ಮೆಯ ಬುದ್ಧಿ ಇರಲ್ಲ ಅಕ್ಕಾ. ಆಪರೇಟರ್ ಹತ್ರ ಮಾತಾಡಿ.

ಜೆಸಿಬಿ ಆಪರೇಟರ್ (ಜೇವರ್ಗಿ), ಮೇ 5

ನಾನು ಅದೇ ಕೆಲಸದವನು, ಅದಕ್ಕೆ ಬರೆಯುತ್ತಿದ್ದೇನೆ. ಸೀಟಿನಲ್ಲಿ ಕೂತರೆ ಗಾಲಿ ಹತ್ತಿರದ ನೆಲ ನಮಗೆ ಕಾಣೋದಿಲ್ಲ. ಗರಸಿನಲ್ಲಿ ಮೊಟ್ಟೆಯಂತೂ ಸಾಧ್ಯವೇ ಇಲ್ಲ. ಎರಡು ಕೋಲಿಗೆ ಕೆಂಪು ಬಟ್ಟೆ ಕಟ್ಟಿ, ಗೂಡಿನಿಂದ ಆ ಕಡೆ ಹದಿನೈದು ಹೆಜ್ಜೆ, ಈ ಕಡೆ ಹದಿನೈದು ಹೆಜ್ಜೆ ದೂರ ನೆಡಿ. ಗೂಡಿನ ಪಕ್ಕವೇ ನೆಟ್ಟರೆ ಹುಡುಗರು ನೋಡೋಕೆ ಬರ್ತಾರೆ. ಕೆಲಸ ಶುರುವಾಗುವ ದಿನ ಬೆಳಿಗ್ಗೆ, ಗಾಡಿ ಚಾಲೂ ಆಗೋ ಮೊದಲೇ ಹೋಗಿ ಹೇಳಿ. ಅಷ್ಟು ತುಂಡನ್ನು ಎದುರು ದಂಡೆಯಿಂದ ತೆಗೆಯಬಹುದು. ಡೀಸೆಲ್ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ಸುಮ್ನೆ ಕೇಳಿ ನೋಡಿ. ಮೊಟ್ಟೆ ಅಂದ್ರೆ ಯಾರೂ ಕಲ್ಲಾಗಲ್ಲ.

ದಂಡೆ ನಡಿಗೆ (ಶಹಾಪುರ), ಮೇ 20

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮದುವೆ ಸೀಸನ್, ಮಷಿನ್ ಬಿಟ್ಟು ಏಳಲು ಆಗಿಲ್ಲ.

ಕೆಂಪು ಲೈನಿಂಗ್ ಬಟ್ಟೆಯ ತುಂಡು ಕಟ್ಟಿ ಕೋಲು ನೆಟ್ಟೆ. ಮೇ 9ಕ್ಕೆ ಗಾಡಿ ಬಂತು. ಸೂಪರ್‌ವೈಸರ್ ಮೊದಲು, ಹಕ್ಕಿಗೋಸ್ಕರ ಕೆಲಸ ನಿಲ್ಲಿಸೋಕಾಗುತ್ತಾ ಅಂದರು. ನಿಲ್ಲಿಸಬೇಡಿ, ಮೂವತ್ತು ಹೆಜ್ಜೆ ಅಷ್ಟೇ ಎದುರಿನಿಂದ ಮಾಡಿ ಅಂದೆ. ಆಪರೇಟರ್ ಹುಡುಗ ಇಪ್ಪತ್ತೆರಡರವನಿರಬೇಕು. ಎಲ್ಲಿ ತೋರಿಸಿ ಅಂದ. ದೂರದಿಂದಲೇ ತೋರಿಸಿದೆ. ಅವನಿಗೆ ಮೊಟ್ಟೆ ಕಾಣಲಿಲ್ಲ, ಕೂತ ಹಕ್ಕಿ ಕಂಡಿತು. ಆ ತುಂಡನ್ನು ಎದುರು ದಂಡೆಯಿಂದಲೇ ತೆಗೆದ. ಸದ್ದಿಗೆ ಎರಡೂ ಎದ್ದು ಸುತ್ತುತ್ತಾ ಕೂಗಿದವು. ಗಾಡಿ ದಾಟಿದ್ದೇ ಒಂದು ಬಂದು ಕೂತಿತು. ನನಗೆ ಅಳು ಬಂತು.

ಹೂಳಿನ ಜೊತೆ ಹತ್ತಿರದ ನೀರೂ ಹೋಯಿತು. ಈಗ ಅದು ಗದ್ದೆ ಕಡೆಯ ಬೋರಿನ ತೊಟ್ಟಿಯ ಬುಡಕ್ಕೆ ಹೋಗಿ ಹೊಟ್ಟೆ ನೆನೆಸಿಕೊಂಡು ಬರುತ್ತದೆ. ಅಲ್ಲಿ ಪೈಪ್ ಸೋರುತ್ತದೆ. ಹೊಲದವರಿಗೆ ಈ ವಾರ ಅದನ್ನು ರಿಪೇರಿ ಮಾಡಿಸಬೇಡಿ ಅಂತ ಹೇಳಿ ಬಂದಿದ್ದೇನೆ.

ಇವತ್ತಿಗೆ ನಾಲ್ಕೂ ಇವೆ. ಬೆಳಿಗ್ಗೆ ದಾಟುವಾಗ ಒಂದರ ಮೇಲೆ ಸಣ್ಣ ಬಿರುಕು ಇದ್ದ ಹಾಗೆ ಕಂಡಿತು, ನಿಲ್ಲದೆ ನಡೆದೆ. ಭೀಮಾತೀರ ಅವರೇ, ಮರಿ ಒಡೆದ ದಿನವೇ ಗೂಡು ಬಿಡುತ್ತವಾ? ನಾಯಿ ಬಂದರೆ ಏನು ಮಾಡಲಿ?

ಭೀಮಾತೀರ (ಯಾದಗಿರಿ), ಮೇ 20

ಹೌದು ಅಕ್ಕಾ, ಮೈ ಒಣಗಿದ ಕೆಲವೇ ಗಂಟೆಗಳಲ್ಲಿ ಓಡಾಡುತ್ತವೆ, ತಾವೇ ಹುಳ ಹೆಕ್ಕಿ ತಿನ್ನುತ್ತವೆ. ತಾಯಿ ಕೂಗಿದರೆ ನೆಲಕ್ಕಂಟಿ ಕಲ್ಲಿನ ಹಾಗೆ ಬೀಳುತ್ತವೆ. ಅದಕ್ಕೇ ನಾಳೆ ದಂಡೆಯ ಅಂಚು ಬಿಟ್ಟು ನಡುವೆ ನಡೆಯಿರಿ, ಕಾಲ ಕೆಳಗೆ ನೋಡಿಕೊಂಡು. ನಾಯಿ ಕಂಡರೆ ಅದನ್ನು ಮಾತ್ರ ಓಡಿಸಿ, ಮರಿಯನ್ನು ಎತ್ತಬೇಡಿ. ಎಷ್ಟು ಕಂಡವು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.